ಬೆನಗಲ್ ನರಸಿಂಗ ರಾವ್

ಸರ್ ಬೆನಗಲ್ ನರಸಿಂಗ ರಾವ್ (26 ಫೆಬ್ರವರಿ 1887 – 30 ನವೆಂಬರ್ 1953) ಭಾರತದ ನ್ಯಾಯಶಾಸ್ತ್ರಜ್ಞರು, ಆಡಳಿತಗಾರರು ಹಾಗೂ ರಾಜತಾಂತ್ರಿಕರು. ಬಿ. ಎನ್. ರಾವ್ ಎಂದೇ ಪ್ರಸಿದ್ಧರಾದ ಇವರು ಭಾರತದ ಸಂವಿಧಾನ ರಚನಾ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದರು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ಇವರೇ. ರಾಷ್ಟ್ರಪತಿ, ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಚುನಾವಣೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಪ್ರಮಾಣಾನುಗುಣ ಪ್ರಾತಿನಿಧ್ಯ ಪದ್ಧತಿಯು ಸಂವಿಧಾನದಲ್ಲಿ ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬುದು ತೀರ್ಮಾನವಾದದ್ದು ಇವರ ಸೇವಾವಧಿಯ ಕಾಲದಲ್ಲಿಯೇ.

ಜನನ ಮತ್ತು ವಿದ್ಯಾಭ್ಯಾಸ

ರಾವ್ ಅವರು ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರಿನಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಹಾಗೂ ಪತ್ರಕರ್ತ, ಸಂಸದ ಬಿ. ಶಿವರಾವ್ ಇವರ ಸಹೋದರರು. ಮಂಗಳೂರಿನ ಕೆನರಾ ಪ್ರೌಢಶಾಲೆಯಲ್ಲಿ ಓದಿದ ಬಳಿಕ ಮದ್ರಾಸಿನಲ್ಲಿ ಪದವಿ ಪಡೆದರು. ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿ 1909ರಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಆಡಳಿತ ಮತ್ತು ನ್ಯಾಯಾಂಗ ಸೇವೆ

ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ರಾವ್ 1910ರಲ್ಲಿ ಭಾರತಕ್ಕೆ ಮರಳಿ ಬಂಗಾಳದಲ್ಲಿ ಸೇವೆ ಆರಂಭಿಸಿದರು. ಮುಂದೆ ಅಸ್ಸಾಂ ಸರ್ಕಾರದ ಶಾಸನ ಇಲಾಖೆಯಲ್ಲಿ ದುಡಿದರು. 1935ರ ಭಾರತ ಸರ್ಕಾರದ ಕಾಯ್ದೆ ಜಾರಿಗೆ ಬಂದಾಗ ಹಳೆಯ ಶಾಸನಗಳನ್ನು ಅದಕ್ಕೆ ಹೊಂದಿಸಿ ಪರಿಷ್ಕರಿಸುವ ಹೊಣೆ ಇವರದಾಯಿತು. 1938ರಲ್ಲಿ 'ಸರ್' ಪದವಿ ದೊರೆಯಿತು. ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ, ಸಿಂಧೂ ನದಿ ನೀರಿನ ವಿವಾದದ ಆಯೋಗದ ಮುಖ್ಯಸ್ಥರಾಗಿ ಕೆಲಸ ಮಾಡಿದರು. ನಿವೃತ್ತಿಯ ನಂತರ 1944–45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು.

ಸಾಂವಿಧಾನಿಕ ಸಲಹೆಗಾರ

1946ರ ಜುಲೈನಲ್ಲಿ ರಾವ್ ಸಾಂವಿಧಾನಿಕ ಸಲಹೆಗಾರರಾಗಿ ನೇಮಕಗೊಂಡರು. ಇವರು ಸಭೆಯ ಸದಸ್ಯರಾಗಿರಲಿಲ್ಲ. ಸಂಬಳ ಪಡೆಯದೆ ಗೌರವ ಸೇವೆ ಸಲ್ಲಿಸಿದರು. ಸಂವಿಧಾನ ರಚನಾ ಸಭೆಯ ರಚನೆಯೇ ಪ್ರಮಾಣಾನುಗುಣ ಪ್ರಾತಿನಿಧ್ಯ ಪದ್ಧತಿಯಂತೆ ನಡೆಯಿತು. ಸುಮಾರು 10 ಲಕ್ಷ ಜನಸಂಖ್ಯೆಗೆ ಒಬ್ಬ ಸದಸ್ಯನಂತೆ ಪ್ರಾಂತ್ಯಗಳಿಗೆ ಸ್ಥಾನಗಳು ಹಂಚಿಕೆಯಾದವು. ಪ್ರಾಂತೀಯ ಶಾಸನಸಭೆಗಳ ಸದಸ್ಯರು ತಮ್ಮ ಪ್ರಾಶಸ್ತ್ಯಕ್ಕೆ ಅನುಗುಣವಾಗಿ ಮತ ನೀಡಿ ಪ್ರತಿನಿಧಿಗಳನ್ನು ಆರಿಸಿದರು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾರಣ, ಅಲ್ಲಿನ ಶಾಸಕರು ಮದ್ರಾಸಿನಲ್ಲಿ ಮತ ಚಲಾಯಿಸಬೇಕಿತ್ತು. ಸಾಮಾನ್ಯ ಮತದಾರನಿಗೆ ಈ ಚುನಾವಣೆಯಲ್ಲಿ ನೇರ ಪಾತ್ರವಿರಲಿಲ್ಲ.

ರಾವ್ ಅವರು ವಿವಿಧ ದೇಶಗಳ ಸಂವಿಧಾನಗಳನ್ನು ಅಭ್ಯಸಿಸಿ ಸದಸ್ಯರಿಗಾಗಿ ಮಾಹಿತಿ ಪುಸ್ತಿಕೆಗಳನ್ನು ಹೊರತಂದರು. 1947ರ ಅಕ್ಟೋಬರ್‌ನಲ್ಲಿ 243 ವಿಧಿಗಳು ಹಾಗೂ 13 ಅನುಸೂಚಿಗಳುಳ್ಳ ಕರಡನ್ನು ಸಿದ್ಧಪಡಿಸಿದರು. ಡಾ. ಬಿ. ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ಪರಿಷ್ಕರಿಸಿ ವಿಸ್ತರಿಸಿತು.

ಪ್ರಮಾಣಾನುಗುಣ ಪ್ರಾತಿನಿಧ್ಯದ ಪ್ರಶ್ನೆ

1947ರ ಕೊನೆಯಲ್ಲಿ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ನಿಗೆ ಭೇಟಿ ನೀಡಿದರು. ಐರ್ಲೆಂಡಿನಲ್ಲಿ ಸಾಮಾನ್ಯ ಮತದಾರರೇ ಈ ಪದ್ಧತಿಯಲ್ಲಿ ಶಾಸಕರನ್ನು ಆರಿಸುತ್ತಿದ್ದರು. ಆದರೆ ಆ ದೇಶದ ನಾಯಕ ಏಮನ್ ಡಿ ವಲೇರಾ ಈ ಪದ್ಧತಿಯನ್ನು ವಿರೋಧಿಸಿ, ಬಲವಾದ ಸರ್ಕಾರಕ್ಕೆ ಬ್ರಿಟಿಷ್ ಪದ್ಧತಿಯೇ ಮೇಲೆಂಬ ಅಭಿಪ್ರಾಯವನ್ನು ರಾವ್ ಅವರಿಗೆ ತಿಳಿಸಿದರು. ಮುಂದೆ 1959ರಲ್ಲಿ ಅದನ್ನು ಕೈಬಿಡುವ ಪ್ರಸ್ತಾವ ಜನಮತಗಣನೆಗೆ ಬಂದಾಗ ಐರ್ಲೆಂಡಿನ ಮತದಾರರು ಅದನ್ನು ತಿರಸ್ಕರಿಸಿದರು. 1968ರಲ್ಲಿಯೂ ಅವರ ತೀರ್ಪು ಅದೇ ಆಗಿತ್ತು.

ಲೋಕಸಭೆಗೂ ಈ ಪದ್ಧತಿ ಬೇಕೆಂದು 1949ರ ಜನವರಿಯಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಖಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ಮಂಡಿಸಿದರು. ಬಹುಮತ ಪದ್ಧತಿಯಲ್ಲಿ ಅಲ್ಪಸಂಖ್ಯಾತರ ಮತಗಳು ವ್ಯರ್ಥವಾಗುತ್ತವೆ ಎಂಬುದು ಬೆಂಬಲಿಗರ ವಾದ. ಪ್ರಾಶಸ್ತ್ಯದ ಅಂಕಿಗಳನ್ನು ಬರೆಯಲು ಅಕ್ಷರಜ್ಞಾನ ಬೇಕು, ಅದು ದೇಶದಲ್ಲಿ ಇನ್ನೂ ವ್ಯಾಪಕವಾಗಿಲ್ಲ. ಶಾಸನಸಭೆ ಸಣ್ಣ ಸಣ್ಣ ಗುಂಪುಗಳಾಗಿ ಒಡೆದರೆ ಸರ್ಕಾರ ಸ್ಥಿರವಾಗಿರದು ಎಂದು ಅಂಬೇಡ್ಕರ್ ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು. ಹೀಗಾಗಿ ಲೋಕಸಭೆ ಮತ್ತು ವಿಧಾನಸಭೆಗಳಿಗೆ ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿ ಬಂದರೆ, ರಾಷ್ಟ್ರಪತಿ (55ನೇ ವಿಧಿ), ಉಪರಾಷ್ಟ್ರಪತಿ (66ನೇ ವಿಧಿ), ರಾಜ್ಯಸಭೆ (80ನೇ ವಿಧಿ) ಹಾಗೂ ವಿಧಾನ ಪರಿಷತ್ತಿನ (171ನೇ ವಿಧಿ) ಚುನಾವಣೆಗಳಿಗೆ ಏಕಮತ ವರ್ಗಾವಣೆಯ ಪ್ರಮಾಣಾನುಗುಣ ಪ್ರಾತಿನಿಧ್ಯ ಉಳಿಯಿತು.

ಮತ ಎಣಿಕೆಯ ಕ್ರಮ

ಈ ಪದ್ಧತಿಯಲ್ಲಿ ಮತದಾರನಿಗೆ ಇರುವುದು ಒಂದೇ ಮತ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಸೂಚಿಸಬೇಕು. ಕರ್ನಾಟಕ ವಿಧಾನಸಭೆಯ ಎಲ್ಲ 224 ಸದಸ್ಯರೂ ಮತ ಚಲಾಯಿಸಿ, ರಾಜ್ಯಸಭೆಯ 4 ಸ್ಥಾನಗಳನ್ನು ತುಂಬಬೇಕಾಗಿದೆ ಎಂದುಕೊಳ್ಳೋಣ. ಪ್ರತಿ ಮತಪತ್ರದ ಮೌಲ್ಯ 100. ಒಟ್ಟು ಮೌಲ್ಯವಾದ 22,400ನ್ನು, ಸ್ಥಾನಗಳ ಸಂಖ್ಯೆಗೆ 1 ಕೂಡಿಸಿದಾಗ ಬರುವ 5ರಿಂದ ಭಾಗಿಸಿ 1 ಸೇರಿಸಿದರೆ 4,481 ಬರುತ್ತದೆ. ಇದೇ ಗೆಲುವಿನ ಕೋಟಾ. ಅಂದರೆ 45 ಶಾಸಕರ ಮೊದಲ ಪ್ರಾಶಸ್ತ್ಯದ ಮತ ಪಡೆದವರ ಗೆಲುವು ಖಚಿತ. ಒಬ್ಬ ಅಭ್ಯರ್ಥಿಗೆ 50 ಮತ, ಅಂದರೆ 5,000 ಮೌಲ್ಯ ಬಂದರೆ ಹೆಚ್ಚುವರಿಯಾದ 519 ವ್ಯರ್ಥವಾಗದು. ಆ 50 ಮತಪತ್ರಗಳಲ್ಲಿಯೂ ಎರಡನೆಯ ಪ್ರಾಶಸ್ತ್ಯ ದಾಖಲಾಗಿದ್ದರೆ, ಪ್ರತಿ ಮತಪತ್ರವೂ 10ರ ಮೌಲ್ಯದಲ್ಲಿ ಮುಂದಿನ ಅಭ್ಯರ್ಥಿಗೆ ವರ್ಗವಾಗುತ್ತದೆ. ಸ್ಥಾನಗಳು ತುಂಬದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾರೆ.

ಪ್ರತಿಯೊಬ್ಬರಿಗೂ ನಾಲ್ಕು ಮತಗಳಿರುವ ಸಾಮಾನ್ಯ ಪದ್ಧತಿಯಾಗಿದ್ದರೆ 113 ಶಾಸಕರ ಪಕ್ಷವೇ ನಾಲ್ಕೂ ಸ್ಥಾನಗಳನ್ನು ಗೆಲ್ಲಬಹುದಿತ್ತು. ಈ ಕ್ರಮದಲ್ಲಿ 45 ಶಾಸಕರ ಗುಂಪಿಗೂ ಒಂದು ಸ್ಥಾನ ದೊರೆಯುತ್ತದೆ.

ಒಂದೇ ಹುದ್ದೆಯ ಚುನಾವಣೆಯಲ್ಲಿ ಸ್ಥಾನಗಳ ಹಂಚಿಕೆಯ ಮಾತು ಬರುವುದಿಲ್ಲ. ಅಲ್ಲಿ ಕೋಟಾ ಎಂದರೆ ಅರ್ಧಕ್ಕಿಂತ ಹೆಚ್ಚು ಮತ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕೋಟಾ 4,18,169 ಆಗಿತ್ತು. ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ವಿ. ವಿ. ಗಿರಿ ಅವರು ಮೊದಲ ಸುತ್ತಿನಲ್ಲಿ 4,01,515 ಮೌಲ್ಯದ ಮತ ಪಡೆದರು. ಮುಂದಿನ ಪ್ರಾಶಸ್ತ್ಯಗಳು ಸೇರಿದ ಮೇಲೆ ಅದು 4,20,077ಕ್ಕೆ ಏರಿ ನೀಲಂ ಸಂಜೀವ ರೆಡ್ಡಿ ಅವರನ್ನು ಸೋಲಿಸಿದರು.

ಸಾಮಾನ್ಯ ಮತದಾರರು

ನಾಗರಿಕರು ಸ್ವತಃ ಪ್ರಾಶಸ್ತ್ಯದ ಮತ ಚಲಾಯಿಸುವ ಅವಕಾಶ ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿದೆ. ಕರ್ನಾಟಕದಲ್ಲಿ ಇಂಥ ತಲಾ 7 ಸ್ಥಾನಗಳಿವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಪದವೀಧರರು ಈಶಾನ್ಯ ಪದವೀಧರರ ಕ್ಷೇತ್ರದ ಮತದಾರರು. ಪದವಿ ಪಡೆದು ಮೂರು ವರ್ಷ ಕಳೆದಿರಬೇಕು. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಇಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ ಅಂಕಿ ಬರೆಯಬೇಕು. 1 ಎಂಬ ಅಂಕಿ ಕಡ್ಡಾಯ, ಉಳಿದವು ಐಚ್ಛಿಕ. ಟಿಕ್ ಗುರುತು ಹಾಕಿದರೆ, ಒಂದೆಂದು ಅಕ್ಷರದಲ್ಲಿ ಬರೆದರೆ ಅಥವಾ ಇಬ್ಬರಿಗೆ 1 ಬರೆದರೆ ಮತ ಅಸಿಂಧುವಾಗುತ್ತದೆ. ಎರಡನೆಯ ಪ್ರಾಶಸ್ತ್ಯ ನೀಡುವುದರಿಂದ ಮೊದಲ ಅಭ್ಯರ್ಥಿಗೆ ಯಾವ ನಷ್ಟವೂ ಇಲ್ಲ. ಅವರು ಸ್ಪರ್ಧೆಯಿಂದ ಹೊರಬಿದ್ದ ಮೇಲಷ್ಟೇ ಅದು ಲೆಕ್ಕಕ್ಕೆ ಬರುತ್ತದೆ.

ಅಂತರರಾಷ್ಟ್ರೀಯ ಸೇವೆ ಮತ್ತು ನಿಧನ

ಬರ್ಮಾದ ಸಂವಿಧಾನ ರಚನೆಗೂ ರಾವ್ ನೆರವಾದರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಇವರು, ಕೊರಿಯಾ ಯುದ್ಧ ಆರಂಭವಾದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಧನರಾದರು.

ಸ್ಮರಣೆ

ಸಂವಿಧಾನ ರಚನೆಯ ಬಗೆಗಿನ ಇವರ ಬರಹಗಳನ್ನು ಸಹೋದರ ಶಿವರಾವ್ ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು. ಭಾರತೀಯ ಅಂಚೆ ಇಲಾಖೆಯು 1988ರಲ್ಲಿ ಇವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.