ಪಾದ್ರಿ ಹರ್ಮನ್ ಮೊಗ್ಲಿಂಗರ ಚರಿತ್ರೆ

ಸ್ವಮತವನ್ನು ಬೋಧಿಸಬೇಕೆಂದು ಸಮುದ್ರವನ್ನು ದಾಟಿ ಬಂದವರು, ನಮ್ಮ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಅಚ್ಚು ಮಾಡಿಸಿದ ಸಂಗತಿಯು ಭಕ್ತಜನರು ಮನನ ಮಾಡತಕ್ಕ ವಿಷಯವಾಗಿದೆ. ಆ ಮಹನೀಯರೇ ಹರ್ಮನ್ ಮೊಗ್ಲಿಂಗರು.

ಇವರು ಜರ್ಮನಿ ದೇಶದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಇಸವಿಯಲ್ಲಿ ಉಪಾಧ್ಯಾಯರ ಮಗನಾಗಿ ಜನಿಸಿ, ಬಾಸೆಲ್ ಮಿಶನ್ ಸಂಸ್ಥೆಯ ಪಾದ್ರಿಗಳಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಆಗ ಆ ಸೀಮೆಯು ಕ್ಷೋಭೆಯಲ್ಲಿತ್ತು. ಹಾಲೇರಿ ವಂಶದ ವೀರಶೈವ ಅರಸರ ಕೊಡಗು 1834ರಲ್ಲಿ ಕುಂಪಣಿಯವರ ಕೈಸೇರಿ, ಅಮರಸುಳ್ಯ ಪುತ್ತೂರು ಸೀಮೆಗಳು ಕನ್ನಡ ಜಿಲ್ಲೆಗೆ ಕೂಡಿಸಲ್ಪಟ್ಟಿದ್ದವು. ಕಂದಾಯವನ್ನು ನಗದಾಗಿಯೇ ತೆರಬೇಕೆಂಬ ಕಟ್ಟಳೆಯಿಂದ ನೊಂದ ರೈತರು 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡೆದ್ದು, ಸುಳ್ಯದಿಂದ ಪುತ್ತೂರಿನ ಮಾರ್ಗವಾಗಿ ಮಂಗಳೂರಿನವರೆಗೆ ನಡೆದರು. ಪರದೇಶದವರನ್ನು ಜನರು ಶಂಕೆಯಿಂದ ಕಾಣುತ್ತಿದ್ದ ಅಂಥ ನಾಡಿನಲ್ಲಿ ಮೊಗ್ಲಿಂಗರು ವಿದ್ಯಾದಾನಕ್ಕೆ ತೊಡಗಿದರು. ಕನ್ನಡವನ್ನು ಶ್ರದ್ಧೆಯಿಂದ ಕಲಿತು, 1843ನೆಯ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿದರು.

ಆದರೆ ಮರುವರ್ಷವೇ ಕಠಿಣವಾದ ಪರೀಕ್ಷೆಯೊದಗಿತು. ಅವರಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು 1844ರಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದನು. ಊರಿನಲ್ಲಿ ಕೋಲಾಹಲವೆದ್ದಿತು, ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಗುರುವಿಗೆ ಇದು ತನ್ನ ಧರ್ಮದ ಫಲವೆಂದು ತೋರಿತು. ಹೆತ್ತವರಿಗೆ ಕುಲದ ಕುಡಿ ಮುರಿದಂತಾಯಿತು. ವಿದ್ಯೆಗೆಂದು ಒಪ್ಪಿಸಿದ ಬಾಲಕನ ಮನಸ್ಸಿನ ಮೇಲೆ ಗುರುವಿಗೆ ಎಷ್ಟು ಅಧಿಕಾರವುಂಟೆಂಬ ಪ್ರಶ್ನೆಯು ಅಂದು ಬೀದಿಯಲ್ಲಿಯೇ ನಿಂತಿತು. ಕೌಂಡಿನ್ಯರು ಬಾಸೆಲ್ ನಗರದಲ್ಲಿ ಓದಿ ಪಾದ್ರಿಗಳಾಗಿ ಹಿಂದಿರುಗಿ ಬಂದು ಸ್ವತಃ ಬೋಧಕರಾದರು.

ಮೊಗ್ಲಿಂಗರು ತಮ್ಮ ಮತಪ್ರಚಾರವನ್ನು ಬಿಡಲಿಲ್ಲ, ಮರೆಮಾಚಲೂ ಇಲ್ಲ. ಅದರೊಡನೆಯೇ ಅನ್ಯಮತದ ಗ್ರಂಥಗಳನ್ನು ಆದರದಿಂದ ಕೂಡಿಸಿದರು. ಕಾಸಮಾಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಪ್ರಕಟಿಸಿ, ಜೈಮಿನಿ ಭಾರತ, ದಾಸರ ಪದಗಳು, ನಮ್ಮ ಪುರಾಣಗಳು ಮೊದಲಾದವನ್ನು ಓಲೆಯ ಕಟ್ಟುಗಳಿಂದ ಬಿಡಿಸಿ ಓದುಗರ ಕೈಗಿತ್ತರು. 1853ರಲ್ಲಿ ಕೊಡಗಿಗೆ ಹೋಗಿ ನೆಲಸಿ, ಆ ನಾಡಿನ ಚರಿತ್ರೆಯನ್ನು 1855ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರ ಕನ್ನಡ ಸೇವೆಗಾಗಿ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1881ರಲ್ಲಿ ಎಸ್ಲಿಂಗನ್ ಎಂಬಲ್ಲಿ ದೇಹವಿಟ್ಟರು.

ಕೌಂಡಿನ್ಯರ ಮನೆಯವರ ಕಣ್ಣೀರನ್ನು ಮರೆತು ಈ ಚರಿತ್ರೆಯನ್ನು ಹೊಗಳುವುದು ನ್ಯಾಯವಲ್ಲ. ಪುರಾಣಗಳನ್ನು ಅಚ್ಚು ಮಾಡಿಸಿದ ಉಪಕಾರವನ್ನು ಮರೆತು ತೆಗಳುವುದೂ ಧರ್ಮವಲ್ಲ. ಮಠಗಳ ಪ್ರಸಾದನಿಲಯಗಳಿಗೂ ನಾನಾ ಮತಗಳ ಬಾಲಕರು ಬಂದು ಸೇರುತ್ತಾರೆ. ಅವರಿಗೆ ಆಚಾರವನ್ನು ನಡೆದು ತೋರಿಸಬಹುದು, ಕೇಳಿದರೆ ತತ್ತ್ವವನ್ನು ತಿಳಿಸಬಹುದು. ಅನ್ನವಿದ್ಯೆಗಳಿಗೆ ಪ್ರತಿಯಾಗಿ ಅವರ ನಂಬುಗೆಯನ್ನು ಬೇಡಲಾಗದು. ದಾಸೋಹವೆಂದರೆ ಪ್ರತಿಫಲವನ್ನು ಬಯಸದ ಸೇವೆಯಷ್ಟೆ. ಬಾಲಕನು ತನ್ನ ತಾಯಿಯ ಮನೆಗೆ ತಲೆಯೆತ್ತಿ ಹಿಂದಿರುಗುವಂತೆ ಓದಿಸುವುದೇ ಗುರುಧರ್ಮವೆಂಬುದನ್ನು ಶಿಷ್ಯವರ್ಗವು ಈ ಚರಿತ್ರೆಯಿಂದ ಗ್ರಹಿಸತಕ್ಕದ್ದು.