ಟ್ರ್ಯಾಕ್ಟರ್ ಮಾಡುವವನಿಗೆ ಕಾರಿನ ಗೊಡವೆ ಯಾಕೆ?

ಎಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ರೂಮಿನ ಗೋಡೆ ಮೇಲೆ ಎರಡು ಪೋಸ್ಟರ್ ಇದ್ದವು. ಒಂದು ಕೆಂಪು ಫೆರಾರಿ, ಇನ್ನೊಂದು ಹಳದಿ ಲ್ಯಾಂಬೋರ್ಗಿನಿ. ತಿಂಗಳ ಕೊನೆಗೆ ಮೆಸ್ ಬಿಲ್ ಕಟ್ಟೋಕೆ ಒದ್ದಾಡುತ್ತಿದ್ದ ನಾವು ನಾಲ್ಕು ಜನ, ಇವೆರಡರಲ್ಲಿ ಯಾವುದು ಮೇಲು ಅಂತ ರಾತ್ರಿ ಎರಡು ಗಂಟೆವರೆಗೆ ಜಗಳ ಆಡ್ತಿದ್ವಿ. ಎಷ್ಟು ಹೆಚ್‌ಪಿ, ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್, ಟಾಪ್ ಸ್ಪೀಡ್ ಎಷ್ಟು, ಎಲ್ಲವೂ ಬಾಯಿಪಾಠ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಈ ಕಾರು ಯಾರಿಗಾಗಿ ಮಾಡಿದ್ದು?

ಈ ಪ್ರಶ್ನೆಯನ್ನು ಅರವತ್ತು ವರ್ಷಗಳ ಹಿಂದೆಯೇ ಒಬ್ಬ ಕೇಳಿದ್ದ. ಕೇಳಿ ಸುಮ್ಮನಾಗದೆ ಒಂದು ಕಾರ್ಖಾನೆಯನ್ನೂ ಕಟ್ಟಿದ. ಅವನೇ ಫೆರೂಚೊ ಲ್ಯಾಂಬೋರ್ಗಿನಿ. ಇವತ್ತು ಆ ಹೆಸರು ಕೇಳಿದರೆ ನಮಗೆ ಕಾಣುವುದು ಶ್ರೀಮಂತರ ಮಕ್ಕಳ ರೀಲ್ಸ್, ಕಿವಿ ಹರಿಯುವ ಸದ್ದು. ಆದರೆ ಅದರ ಬೇರು ಇರುವುದು ಹೊಲದಲ್ಲಿ. ಹಾಗಾಗಿ ಆತನ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸಿತು.

ಯುದ್ಧದ ಗುಜರಿಯಿಂದ ಹೊಲಕ್ಕೆ

ಫೆರೂಚೊ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಉತ್ತರ ಇಟಲಿಯ ಚೆಂತೊ ಪಟ್ಟಣದ ಹತ್ತಿರ ರೆನಾತ್ಸೊ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ದ್ರಾಕ್ಷಿ ಬೆಳೆಗಾರರು. ಹುಡುಗನಿಗೆ ಬೇಸಾಯಕ್ಕಿಂತ ಬೇಸಾಯದ ಯಂತ್ರಗಳ ಮೇಲೇ ಕಣ್ಣು. ಮೆಕ್ಯಾನಿಕ್ ಕೆಲಸ ಕಲಿತ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಗೆ ಸೇರಿಸಿಕೊಂಡು ರೋಡ್ಸ್ ದ್ವೀಪಕ್ಕೆ ಕಳಿಸಿದರು. ಅಲ್ಲಿ ಸೇನೆಯ ವಾಹನಗಳ ರಿಪೇರಿ ಆತನ ಕೆಲಸ. ಬಿಡಿಭಾಗ ಬರದ ದ್ವೀಪದಲ್ಲಿ ಇರೋದರಲ್ಲೇ ಹೊಂದಿಸಿ ಗಾಡಿ ಓಡಿಸಬೇಕು. ಆ ವಿದ್ಯೆ ಜೀವನಪೂರ್ತಿ ಕೈಹಿಡಿಯಿತು. ಯುದ್ಧ ಮುಗಿದಾಗ ಬ್ರಿಟಿಷರ ಕೈಗೆ ಸೆರೆ ಸಿಕ್ಕಿ, 1946ರಲ್ಲಿ ಊರಿಗೆ ಮರಳಿದ. ಮರುವರ್ಷ ಮಗ ತೊನೀನೊ ಹುಟ್ಟಿದ, ಹೆಂಡತಿ ಕ್ಲೇಲಿಯಾ ಹೆರಿಗೆಯಲ್ಲೇ ತೀರಿಕೊಂಡಳು.

ಆಗಿನ ಇಟಲಿಯಲ್ಲಿ ಹೊಲ ಇತ್ತು, ಉಳಲು ಯಂತ್ರ ಇರಲಿಲ್ಲ. ಇನ್ನೊಂದು ಕಡೆ ಸೇನೆಗಳು ಬಿಟ್ಟುಹೋದ ಲಾರಿ, ಎಂಜಿನ್, ಗೇರ್‌ಬಾಕ್ಸ್ ರಾಶಿ ಬಿದ್ದಿದ್ದವು. ಫೆರೂಚೊ ಈ ಎರಡನ್ನೂ ಸೇರಿಸಿದ. ಗುಜರಿಯಿಂದ ಮಾರಿಸ್ ಲಾರಿಯ ಎಂಜಿನ್ ತಂದು ಟ್ರ್ಯಾಕ್ಟರ್ ಕಟ್ಟಿದ. ಪೆಟ್ರೋಲ್ ದುಬಾರಿ ಅಂತ, ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಅಗ್ಗದ ಡೀಸೆಲ್‌ನಲ್ಲಿ ಓಡುವ ಹಾಗೆ ಒಂದು ಸಾಧನ ಮಾಡಿದ. ರೈತನ ಜೇಬು ನೋಡಿ ಮಾಡಿದ ಎಂಜಿನಿಯರಿಂಗ್ ಅದು. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ಶುರುವಾಯಿತು.

ಇಂಥ ಕಥೆಗಳನ್ನು ನಮಗೆ ಸಾಮಾನ್ಯವಾಗಿ ಸ್ವಂತ ಬಲದಿಂದ ಮೇಲೆ ಬಂದವನ ಕಥೆ ಅಂತ ಹೇಳ್ತಾರೆ. ಬುದ್ಧಿ, ದುಡಿಮೆ ಆತನದೇ, ಅನುಮಾನ ಇಲ್ಲ. ಆದರೆ ಗುಜರಿಗೆ ಬಿದ್ದಿದ್ದ ಆ ಎಂಜಿನ್‌ಗಳಿಗೆ ಮೊದಲು ದುಡ್ಡು ಕೊಟ್ಟಿದ್ದು ಸರ್ಕಾರಗಳ ಖಜಾನೆ. 1950ರಲ್ಲಿ ಇಟಲಿ ಭೂ ಸುಧಾರಣೆ ತಂದು ದೊಡ್ಡ ಜಮೀನುದಾರರ ನೆಲವನ್ನು ಹಂಚತೊಡಗಿತು. 1952ರ ಒಂದು ಕಾನೂನು ಕೃಷಿ ಯಂತ್ರ ಕೊಳ್ಳುವವರಿಗೆ ಸರ್ಕಾರಿ ನಿಧಿಯಿಂದ ಸುಲಭ ಸಾಲಕ್ಕೆ ದಾರಿ ಮಾಡಿತು. ಟ್ರ್ಯಾಕ್ಟರ್ ಕೊಳ್ಳಬಲ್ಲ ರೈತ ಹುಟ್ಟಿದ್ದೇ ಹಾಗೆ. ಉದ್ಯಮಿಯ ಜಾತಕ ಬರೆಯುವವರು ಈ ಪುಟವನ್ನು ಹಾರಿಸಿಬಿಡ್ತಾರೆ. ನಾವು ಹಾರಿಸೋದು ಬೇಡ.

ಕ್ಲಚ್‌ ಕಥೆ

ಟ್ರ್ಯಾಕ್ಟರ್ ದುಡ್ಡು ತಂದಿತು. ಆಮೇಲೆ ಬಾಯ್ಲರ್ ಬರ್ನರ್, ಏರ್ ಕಂಡೀಷನರ್ ವ್ಯಾಪಾರವೂ ಸೇರಿತು. ಕ್ರಮೇಣ ಫೆರೂಚೊ ಮನೆಯಲ್ಲಿ ದುಬಾರಿ ಕಾರುಗಳ ಸಾಲೇ ಇತ್ತು. ಮಾಸೆರಾಟಿ ಇತ್ತು, ಜಾಗ್ವಾರ್ ಇತ್ತು, ಮರ್ಸಿಡಿಸ್ ಇತ್ತು, ಫೆರಾರಿ 250 ಜಿಟಿ ಕೂಡ ಇತ್ತು. ಫೆರಾರಿಯ ಕ್ಲಚ್ ಪದೇ ಪದೇ ಕೈಕೊಡುತ್ತಿತ್ತು. ರಿಪೇರಿಗೆ ಮರನೆಲ್ಲೊ ಕಾರ್ಖಾನೆಗೆ ಹೋಗಬೇಕು, ಅಲ್ಲಿ ಗಂಟೆಗಟ್ಟಲೆ ಕಾಯಬೇಕು. ಕೊನೆಗೆ ತನ್ನ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳಿಂದಲೇ ಬಿಚ್ಚಿಸಿದಾಗ, ಒಳಗಿದ್ದ ಕ್ಲಚ್ ತಾನು ಟ್ರ್ಯಾಕ್ಟರ್‌ಗೆ ತರಿಸುವ ಕಂಪನಿಯದ್ದೇ ಅಂತ ಗೊತ್ತಾಯಿತಂತೆ. ದೂರು ಹೇಳಲು ಹೋದಾಗ ಎಂಜೋ ಫೆರಾರಿ, ಟ್ರ್ಯಾಕ್ಟರ್ ಓಡಿಸುವವನಿಗೆ ಕಾರಿನ ವಿಷಯ ಏನು ಗೊತ್ತು ಅಂತ ಅವಮಾನ ಮಾಡಿದನಂತೆ. ಇದು ಮುಖ್ಯವಾಗಿ ಫೆರೂಚೊ ತಾನೇ ವರ್ಷಗಳ ನಂತರ ಹೇಳಿಕೊಂಡ ಕಥೆ. ಒಂದೊಂದು ಸಲ ಒಂದೊಂದು ರೂಪ ತಳೆದಿದೆ. ಹಾಗಾಗಿ ಆ ಸಂಭಾಷಣೆಯನ್ನು ನಾನು ಸಾಕ್ಷ್ಯ ಅಂತ ತಗೊಳ್ಳೋದಿಲ್ಲ. ಕ್ಲಚ್ ಮಾತ್ರ ನನಗೆ ಮುಖ್ಯ.

ಯಾಕೆ ಅಂದರೆ, ಕ್ಲಚ್ ಕೆಲಸ ಮಾಡುವುದು ಘರ್ಷಣೆಯಿಂದ. ಎಂಜಿನ್ ಕಡೆಯ ತಟ್ಟೆ, ಗೇರ್‌ಬಾಕ್ಸ್ ಕಡೆಯ ತಟ್ಟೆ ಒಂದಕ್ಕೊಂದು ಒತ್ತಿಕೊಂಡು ಶಕ್ತಿ ದಾಟಿಸುತ್ತವೆ. ತಟ್ಟೆ ಚಿಕ್ಕದು, ಹಗುರ ಆದಷ್ಟೂ ಎಂಜಿನ್ ಚುರುಕು. ರೇಸಿಗೆ ಅದೇ ಬೇಕು. ರೇಸ್ ಮುಗಿದ ಮೇಲೆ ಬದಲಾಯಿಸಿದರಾಯಿತು. ಆದರೆ ಊರೊಳಗಿನ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದು ತೆವಳುವವನಿಗೆ ಅದೇ ತಟ್ಟೆ ಜಾರುತ್ತದೆ, ಕಾಯುತ್ತದೆ, ಸವೆಯುತ್ತದೆ. ನಮ್ಮೂರಲ್ಲಿ ಮಾವನ ಟ್ರ್ಯಾಕ್ಟರ್‌ನ ಟ್ರೈಲರ್ ಕಬ್ಬು ತುಂಬಿಕೊಂಡು ಕೆಸರಿನಲ್ಲಿ ಹೂತಾಗ ಕ್ಲಚ್ ತಟ್ಟೆಯ ಸುಟ್ಟ ವಾಸನೆ ಕುಡಿದವನು ನಾನು. ಭಾರ ಎಳೆಯುವ ಯಂತ್ರಕ್ಕೆ ಕ್ಲಚ್ ಎಷ್ಟು ದೊಡ್ಡ ವಿಷಯ ಅಂತ ಟ್ರ್ಯಾಕ್ಟರ್ ಮಾಡುವವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ?

ಅಂದರೆ ಫೆರಾರಿ ಕೆಟ್ಟ ಕಾರಲ್ಲ. ಅದು ಬೇರೆ ಉದ್ದೇಶದ ಕಾರು. ಎಂಜೋಗೆ ರೇಸೇ ಸರ್ವಸ್ವ. ರಸ್ತೆಯ ಕಾರುಗಳನ್ನು ಮಾರುತ್ತಿದ್ದದ್ದು ರೇಸಿನ ಖರ್ಚು ಹೊಂದಿಸಲು. ಆ ರೇಸಿಗೆ ಬೆಲೆಯೂ ಇತ್ತು. 1957ರ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಫೆರಾರಿಯೊಂದು ಜನರ ಮೇಲೆ ನುಗ್ಗಿ ಮಕ್ಕಳೂ ಸೇರಿ ಹಲವರು ಸತ್ತರು. ಎಂಜೋ ಮೇಲೆ ಕೇಸು ನಡೆದು 1961ರಲ್ಲಿ ಖುಲಾಸೆ ಆಯಿತು. ಅದೇ ಮಿಲ್ಲೆ ಮಿಲ್ಯಾದಲ್ಲಿ 1948ರಲ್ಲಿ ಫೆರೂಚೊ ಕೂಡ ತಾನೇ ಮಾರ್ಪಡಿಸಿದ ಪುಟ್ಟ ಫಿಯಟ್ ಟೊಪೊಲೀನೊ ಓಡಿಸಿ, ರಸ್ತೆಬದಿಯ ಹೋಟೆಲಿನ ಗೋಡೆಗೆ ನುಗ್ಗಿಸಿದ್ದ. ಅಲ್ಲಿಗೆ ಆತನಿಗೆ ರೇಸಿನ ಹುಚ್ಚು ಬಿಟ್ಟಿತ್ತು.

ಇಪ್ಪತ್ತರ ಹರೆಯದವರ ಕಾರ್ಖಾನೆ

1963ರಲ್ಲಿ ಬೊಲೊನ್ಯಾ ಹತ್ತಿರದ ಸಾಂತಾಗತಾ ಎಂಬ ಸಣ್ಣ ಊರಿನಲ್ಲಿ ಕಾರು ಕಂಪನಿ ಶುರುವಾಯಿತು. ಊರಿನ ಆಡಳಿತ ಕಮ್ಯುನಿಸ್ಟರದು. ಅವರು ಅನುಕೂಲಕರ ಷರತ್ತುಗಳನ್ನು ಕೊಟ್ಟರು. ಬದಲಿಗೆ ಕಾರ್ಮಿಕರು ಯೂನಿಯನ್‌ನಲ್ಲಿರಬೇಕು ಅಂದರು. ಜಗತ್ತಿನ ಅತಿ ಐಷಾರಾಮಿ ಕಾರು ಹುಟ್ಟಿದ್ದು ಇಂಥ ಒಪ್ಪಂದದಿಂದ.

ಫೆರಾರಿಯಿಂದ 1961ರಲ್ಲಿ ಜಗಳವಾಡಿ ಹೊರಬಿದ್ದಿದ್ದ ಹಿರಿಯ ಎಂಜಿನಿಯರುಗಳಲ್ಲಿ ಜೊತ್ತೊ ಬಿತ್ಸರೀನಿ ಒಬ್ಬ. ಆತ ಫೆರೂಚೊಗೆ 3.5 ಲೀಟರ್‌ನ ವಿ-12 ಎಂಜಿನ್ ಮಾಡಿಕೊಟ್ಟ. ಆದರೆ ಅದು ರೇಸ್ ಎಂಜಿನ್ನಿನ ಗುಣದ್ದಾಗಿತ್ತು. ಟ್ಯೂರಿನ್ ಮೋಟಾರ್ ಶೋನಲ್ಲಿ ಮೊದಲ ಕಾರು ತೋರಿಸುವಾಗ ಎಂಜಿನ್ ಬಾನೆಟ್ ಒಳಗೆ ಕೂರಲೇ ಇಲ್ಲ. ಭಾರಕ್ಕೆ ಇಟ್ಟಿಗೆ ತುಂಬಿ ಬಾನೆಟ್ ಮುಚ್ಚಿಟ್ಟರು ಅನ್ನೋದು ಪ್ರಸಿದ್ಧ ಕಥೆ. ನಮ್ಮ ಸ್ಟಾರ್ಟಪ್ ಡೆಮೊಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ ಬಿಡಿ.

ಎಂಜಿನ್ನನ್ನು ರಸ್ತೆಗೆ ಪಳಗಿಸಿದ್ದು ಜಾನ್ ಪಾವ್ಲೊ ದಲ್ಲಾರಾ ಮತ್ತು ಪಾವ್ಲೊ ಸ್ತಾಂತ್ಸಾನಿ. ಇಬ್ಬರೂ 1936ರಲ್ಲಿ ಹುಟ್ಟಿದವರು. ಟೆಸ್ಟ್ ಡ್ರೈವರ್ ನ್ಯೂಜಿಲೆಂಡ್‌ನ ಬಾಬ್ ವ್ಯಾಲೇಸ್ ಇನ್ನೂ ಚಿಕ್ಕವನು. ಮೂವತ್ತು ದಾಟದ ಹುಡುಗರ ಕೈಗೆ ಕಾರ್ಖಾನೆ ಕೊಟ್ಟಿದ್ದ ಫೆರೂಚೊ. 1964ರಲ್ಲಿ ಬಂದ 350 ಜಿಟಿಯಲ್ಲಿ ಶಕ್ತಿಯನ್ನು ಬೇಕಂತಲೇ ತಗ್ಗಿಸಿ, ಎಂಜಿನ್ ನಯವಾಗಿಸಿದ್ದರು. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ಐದು ಗೇರು. ಫೆರಾರಿ 250 ಜಿಟಿಯಲ್ಲಿ ಆಗ ಹಿಂದಿನ ಎರಡು ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ಅಲುಗುತ್ತಿತ್ತು. ಪೇಪರ್ ಮೇಲೆ ಎಷ್ಟು ಹೆಚ್‌ಪಿ ಅನ್ನೋದಕ್ಕಿಂತ ಐನೂರು ಕಿ.ಮೀ. ಓಡಿಸಿದ ಮೇಲೆ ಸೊಂಟ ಏನು ಹೇಳುತ್ತೆ ಅನ್ನೋದು ಇಲ್ಲಿನ ಲೆಕ್ಕ.

ಇಲ್ಲೊಂದು ತಿರುವಿದೆ. ಲ್ಯಾಂಬೋರ್ಗಿನಿಯನ್ನು ಲ್ಯಾಂಬೋರ್ಗಿನಿ ಮಾಡಿದ್ದು ಈ ಸಂಭಾವಿತ ಕಾರಲ್ಲ. ದಲ್ಲಾರಾ, ಸ್ತಾಂತ್ಸಾನಿ, ವ್ಯಾಲೇಸ್ ಕೆಲಸದ ಹೊತ್ತು ಮುಗಿದ ಮೇಲೆ ಕೂತು ಇನ್ನೊಂದು ಕನಸು ಕಟ್ಟುತ್ತಿದ್ದರು. ಎಂಜಿನ್ನನ್ನು ಸೀಟಿನ ಹಿಂದೆ, ಅದೂ ಅಡ್ಡಡ್ಡ ಇಡುವ ಕಾರು. ಅಡ್ಡ ಇಡುವ ಉಪಾಯಕ್ಕೆ ಸ್ಫೂರ್ತಿ ಬ್ರಿಟನ್ನಿನ ಜನಸಾಮಾನ್ಯರ ಪುಟ್ಟ ಕಾರು ಮಿನಿ. 1965ರಲ್ಲಿ ಬರೀ ಚಾಸಿ ತೋರಿಸಿದರು. 1966ರ ಜಿನೀವಾ ಶೋಗೆ ಬೆರ್ತೋನೆ ಕಂಪನಿಯ ಮಾರ್ಚೆಲ್ಲೊ ಗಂದೀನಿ ಅದಕ್ಕೆ ಮೈ ತೊಡಿಸಿದ. ಅದೇ ಮಿಯುರಾ. ಹೆಸರು ಸ್ಪೇನಿನ ಹೋರಿ ಸಾಕುವ ಮನೆತನದ್ದು. ಒಂದಿಷ್ಟು ಮಾರಾಟವಾದರೆ ಪ್ರಚಾರಕ್ಕಾಯಿತು ಅಂದುಕೊಂಡಿದ್ದ ಫೆರೂಚೊ. ಏಳುನೂರಕ್ಕೂ ಹೆಚ್ಚು ತಯಾರಾದವು.

ಫೆರಾರಿ 1968ರಲ್ಲಿ ತಂದದ್ದು ಡೇಟೋನಾ ಅಂತ ಕರೆಸಿಕೊಂಡ 365 ಜಿಟಿಬಿ/4. ಎಂಜಿನ್ ಮುಂದೇ ಇತ್ತು. ಅಷ್ಟು ಶಕ್ತಿಯ ಎಂಜಿನ್ನನ್ನು ಹಿಂದಿಟ್ಟು ಸಾಮಾನ್ಯ ಗಿರಾಕಿಯ ಕೈಗೆ ಕೊಡಲು ಎಂಜೋಗೆ ಮನಸ್ಸಿರಲಿಲ್ಲ. ಫೆರಾರಿಯ ಹನ್ನೆರಡು ಸಿಲಿಂಡರ್ ಎಂಜಿನ್ ರಸ್ತೆ ಕಾರಿನಲ್ಲಿ ಸೀಟಿನ ಹಿಂದಕ್ಕೆ ಹೋಗಿದ್ದು 1973ರಲ್ಲಿ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಿಯುರಾದ ಪೆಟ್ರೋಲ್ ಟ್ಯಾಂಕ್ ಮುಂದಿದೆ. ಟ್ಯಾಂಕ್ ಖಾಲಿಯಾದಂತೆ ಮೂತಿ ಹಗುರವಾಗಿ, ಅತಿ ವೇಗದಲ್ಲಿ ಗಾಳಿ ಅದನ್ನು ಮೇಲೆತ್ತುತ್ತದೆ. ಬೆನ್ನ ಹಿಂದೆಯೇ ಎಂಜಿನ್, ಹಾಗಾಗಿ ಒಳಗೆ ಸೆಕೆ, ಸದ್ದು. ಆರಂಭದ ಕಾರುಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್, ಅಂದರೆ ಗೇರ್‌ನ ಸವೆತದ ಪುಡಿ ಎಂಜಿನ್ನಿಗೂ ಹೋಗುವ ಅಪಾಯ. ಡೇಟೋನಾದ ಸ್ಟೀರಿಂಗ್ ಊರೊಳಗೆ ಭಾರ, ಆದರೆ ಹೆದ್ದಾರಿಯಲ್ಲಿ ದಿನವಿಡೀ ನೆಟ್ಟಗೆ ಓಡುತ್ತದೆ. ವಿಚಿತ್ರ ನೋಡಿ. ಗಿರಾಕಿಯ ಸುಖಕ್ಕೆ ಅಂತ ಶುರುವಾದ ಕಂಪನಿ ಅತ್ಯಂತ ಕಷ್ಟದ ಸುಂದರಿಯನ್ನು ಮಾಡಿತು. ರೇಸಿನ ಹುಚ್ಚಿನ ಕಂಪನಿ ದೂರ ಪ್ರಯಾಣದ ಕಾರನ್ನು ಮಾಡಿತು.

ಸಾಲ, ಮುಷ್ಕರ, ದ್ರಾಕ್ಷಿತೋಟ

1969ರ ಶರತ್ಕಾಲದಲ್ಲಿ ಇಟಲಿಯ ಕಾರ್ಖಾನೆಗಳೆಲ್ಲ ಮುಷ್ಕರದಿಂದ ಕುದಿಯುತ್ತಿದ್ದವು. ಸಾಂತಾಗತಾದಲ್ಲೂ ಕೆಲಸ ನಿಲ್ಲುತ್ತಿತ್ತು. ತೋಳು ಮಡಚಿ ಕಾರ್ಮಿಕರ ಜೊತೆ ಗ್ರೀಸ್ ಮೆತ್ತಿಕೊಳ್ಳುತ್ತಿದ್ದ ಫೆರೂಚೊಗೆ ಇದು ವೈಯಕ್ತಿಕ ನೋವಾಗಿ ಕಂಡಿತು. ಆ ನೋವು ನಿಜ ಇರಬಹುದು. ಆದರೆ ಮಾಲೀಕ ಜೊತೆಗೆ ನಿಂತು ಸ್ಪ್ಯಾನರ್ ಹಿಡಿದ ಮಾತ್ರಕ್ಕೆ ಲಾಭದಲ್ಲಿ, ನಿರ್ಧಾರದಲ್ಲಿ ಪಾಲು ಸಿಕ್ಕ ಹಾಗಾಗುವುದಿಲ್ಲ. ಇವತ್ತು ನಾವೆಲ್ಲ ಒಂದೇ ಫ್ಯಾಮಿಲಿ ಅಂತ ಹೇಳುವ ಐಟಿ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಫೆರೂಚೊನನ್ನು ಕೆಡವಿದ್ದು ಯೂನಿಯನ್ ಅಂತ ಹೇಳಿದರೆ ಅರ್ಧ ಸುಳ್ಳು. ಬೊಲಿವಿಯಾದಲ್ಲಿ 1971ರಲ್ಲಿ ಸೇನಾ ಕ್ಷಿಪ್ರಕ್ರಾಂತಿ ಆಯಿತು. ಅಲ್ಲಿಗೆ ಹೋಗಬೇಕಿದ್ದ ಸಾವಿರಾರು ಟ್ರ್ಯಾಕ್ಟರ್‌ಗಳ ಆರ್ಡರ್ ರದ್ದಾಯಿತು. ಮಾಡಿಟ್ಟ ಮಾಲು ಅಂಗಳದಲ್ಲಿ, ಸಾಲ ತಲೆಯ ಮೇಲೆ. ಕಾರಿನ ಕನಸಿಗೆ ಬೆನ್ನೆಲುಬಾಗಿದ್ದ ಟ್ರ್ಯಾಕ್ಟರ್ ವ್ಯಾಪಾರವೇ ಕುಸಿಯಿತು. 1972ರಲ್ಲಿ ಕಾರು ಕಂಪನಿಯ 51 ಶೇಕಡಾ ಪಾಲನ್ನು ಸ್ವಿಸ್ ಉದ್ಯಮಿಯೊಬ್ಬನಿಗೆ ಮಾರಿದ. ಟ್ರ್ಯಾಕ್ಟರ್ ಕಂಪನಿ ಸಾಮೆ ಎಂಬ ಇಟಲಿಯದೇ ಕಂಪನಿಯ ಪಾಲಾಯಿತು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಮರುವರ್ಷ ಉಳಿದ 49 ಶೇಕಡಾವನ್ನೂ ಕೊಟ್ಟು ಕೈತೊಳೆದುಕೊಂಡ. ಎಂಜೋ ಅಷ್ಟರಲ್ಲಿ, 1969ರಲ್ಲೇ, ಅರ್ಧ ಕಂಪನಿಯನ್ನು ಫಿಯಟ್‌ಗೆ ಮಾರಿ, ರೇಸಿನ ಅಧಿಕಾರವನ್ನು ಮಾತ್ರ ತನ್ನ ಕೈಯಲ್ಲಿಟ್ಟುಕೊಂಡಿದ್ದ. ತನಗೆ ಬೇಕಾದ್ದು ಯಾವುದು ಅಂತ ಅವನಿಗೆ ಕೊನೆತನಕ ಸ್ಪಷ್ಟ ಇತ್ತು.

ಫೆರೂಚೊ ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ತ್ರಾಸಿಮೇನೊ ಸರೋವರದ ಹತ್ತಿರ ಜಮೀನಿಗೆ ಹೋಗಿ ದ್ರಾಕ್ಷಿ ಬೆಳೆದ, ವೈನ್ ಮಾಡಿದ. ಆ ವೈನಿಗೂ ಮಿಯುರಾ ಹೆಸರೇ ಅಂಟಿತು. 1993ರ ಫೆಬ್ರವರಿ 20ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡ. ಎಂಜೋ 1988ರಲ್ಲೇ, 90ನೇ ವಯಸ್ಸಿನಲ್ಲಿ ಹೋಗಿದ್ದ. ಇಂದು ಲ್ಯಾಂಬೋರ್ಗಿನಿ ಕಾರು ಜರ್ಮನಿಯ ಫೋಕ್ಸ್‌ವ್ಯಾಗನ್ ಗುಂಪಿನದು. ಅದೇ ಹೆಸರಿನ ಟ್ರ್ಯಾಕ್ಟರ್ ಬೇರೆ ಕಂಪನಿಯದು. ಎರಡಕ್ಕೂ ಸಂಬಂಧವಿಲ್ಲ.

ಹಾಸ್ಟೆಲಿನ ಗೆಳೆಯರು ಈಗ ಕೇಳಿದರೆ ಹೀಗೆ ಹೇಳ್ತೀನಿ. ನೂರಾರು ಕಿ.ಮೀ. ಒಂದೇ ದಿನ ಹೋಗುವವರಿಗೆ ಡೇಟೋನಾ. ನಿಲ್ಲಿಸಿ ನೋಡುತ್ತಾ ಕೂರುವವರಿಗೆ, ಅಪಾಯ ಗೊತ್ತಿದ್ದೂ ಪ್ರೀತಿಸುವವರಿಗೆ ಮಿಯುರಾ. ನನಗೆ 350 ಜಿಟಿ. ಹೆಚ್ಚು ಜನಕ್ಕೆ ಗೊತ್ತಿಲ್ಲ, ನೂರಿಪ್ಪತ್ತರ ಆಸುಪಾಸಿನಲ್ಲಷ್ಟೇ ತಯಾರಾದದ್ದು. ಆದರೆ ಕೂತು ಓಡಿಸುವ ಮನುಷ್ಯನ ದೂರನ್ನು ಕಿವಿಗೆ ಹಾಕಿಕೊಂಡು ಮಾಡಿದ ಕಾರು ಅದು. ಇಷ್ಟೆಲ್ಲ ಆಗಿ ನಾಳೆ ಊರಿಗೆ ಹೋದರೆ ನನಗೆ ಸಿಗುವುದು ಮಾವನ ಟ್ರ್ಯಾಕ್ಟರ್ ಮಾತ್ರ. ಹೋದ ತಿಂಗಳು ಅದಕ್ಕೆ ಹೊಸ ಕ್ಲಚ್ ತಟ್ಟೆ ಹಾಕಿಸಿದ್ದಾರಂತೆ.