ಅಳತೆಪಟ್ಟಿ ಹಿಡಿದು ಉದ್ಯಾನ ಕಲಿತ ಮಿರೇ ಶಿಗೆಮೊರಿ

1934ರ ಸೆಪ್ಟೆಂಬರ್ 21ರಂದು ಜಪಾನಿನ ಮುರೊಟೊ ಭೂಶಿರಕ್ಕೆ ಅಪ್ಪಳಿಸಿದ ಚಂಡಮಾರುತ ಒಸಾಕಾ, ಕ್ಯೋಟೊ ನಗರಗಳನ್ನು ತತ್ತರಗೊಳಿಸಿತು. ಸುಮಾರು 3,000 ಜನ ಪ್ರಾಣ ಕಳೆದುಕೊಂಡರು. ಆ ಮಹಾದುಃಖದ ನಡುವೆ ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ನಷ್ಟವೂ ಸಂಭವಿಸಿತ್ತು. ಪುರಾತನ ವಿಹಾರಗಳ ಉದ್ಯಾನಗಳು ಗಾಳಿಮಳೆಯ ಹೊಡೆತಕ್ಕೆ ಸಿಕ್ಕಿ ರೂಪಗೆಟ್ಟಿದ್ದವು. ಕಟ್ಟಡ ಕುಸಿದರೆ ನಕ್ಷೆಯ ಆಧಾರದಿಂದ ಮರಳಿ ಕಟ್ಟಬಹುದು. ಆದರೆ ಬಹುಪಾಲು ಉದ್ಯಾನಗಳಿಗೆ ಅಳತೆಯ ನಕ್ಷೆಯೇ ಇರಲಿಲ್ಲ. ಶತಮಾನಗಳ ಹಿಂದೆ ನಿಲ್ಲಿಸಿದ ಕಲ್ಲೊಂದು ಉರುಳಿದರೆ, ಅದು ಮೊದಲು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತೆಂದು ಖಚಿತವಾಗಿ ಹೇಳಲು ದಾಖಲೆಯಿರಲಿಲ್ಲ.

ಈ ಕೊರತೆಯನ್ನು ಮನಗಂಡು, ದೇಶದ ಉದ್ಯಾನಗಳನ್ನೆಲ್ಲ ಅಳೆದು ದಾಖಲಿಸುವ ಸಂಕಲ್ಪ ತೊಟ್ಟವರು ಮಿರೇ ಶಿಗೆಮೊರಿ. ಅವರು ತೋಟಗಾರರ ಮನೆತನದಲ್ಲಿ ಹುಟ್ಟಿದವರಲ್ಲ. ಯಾವ ಉದ್ಯಾನಗುರುವಿನ ಕೈಕೆಳಗೂ ಶಿಷ್ಯರಾಗಿ ದುಡಿದವರಲ್ಲ. ಆದರೂ 20ನೆಯ ಶತಮಾನದ ಜಪಾನಿನ ಉದ್ಯಾನಕಲೆಯ ಇತಿಹಾಸದಲ್ಲಿ ಅವರ ಹೆಸರು ಅಗ್ರಪಂಕ್ತಿಯಲ್ಲಿದೆ. ಹಳೆಯ ಉದ್ಯಾನಗಳನ್ನೇ ಪಾಠಶಾಲೆಯಾಗಿಸಿಕೊಂಡು ತಾವು ಕಲಿತದ್ದಲ್ಲದೆ, ಇತರರಿಗೂ ಕಲಿಕೆಯ ದಾರಿ ತೆರೆದದ್ದು ಅವರ ಜೀವನದ ವೈಶಿಷ್ಟ್ಯ.

ಚಿತ್ರಕಾರನಿಂದ ಪಡೆದ ಹೆಸರು

ಶಿಗೆಮೊರಿ ಅವರು 1896ರ ಆಗಸ್ಟ್ 20ರಂದು ಪಶ್ಚಿಮ ಜಪಾನಿನ ಒಕಾಯಾಮಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆತಾಯಿ ಇಟ್ಟ ಹೆಸರು ಕಜುವೊ. ಹರೆಯದಲ್ಲಿಯೇ ಚಹಾವಿಧಿಯನ್ನೂ ಇಕೆಬಾನಾ ಎಂಬ ಪುಷ್ಪವಿನ್ಯಾಸ ಕಲೆಯನ್ನೂ ಅಭ್ಯಾಸ ಮಾಡಿದರು. ಜಪಾನಿನಲ್ಲಿ ಚಹಾವಿಧಿಯೆಂದರೆ ಕೇವಲ ಪಾನೀಯದ ಉಪಚಾರವಲ್ಲ. ಅದಕ್ಕೆಂದೇ ಕಟ್ಟಿದ ಪುಟ್ಟ ಕುಟೀರ, ಕುಟೀರಕ್ಕೆ ಸಾಗುವ ಹೆಜ್ಜೆಗಲ್ಲುಗಳ ಹಾದಿ, ಕೈತೊಳೆಯುವ ಕಲ್ಲಿನ ಬಾನಿ, ಒಳಗೆ ಇರಿಸುವ ಹೂ ಎಲ್ಲವೂ ಸೇರಿದ ಸಮಗ್ರ ಕಲೆ ಅದು. 1914ರಲ್ಲಿ, 18ರ ವಯಸ್ಸಿಗೆ, ಶಿಗೆಮೊರಿ ತಮ್ಮ ಮನೆಗೆ ತೆನ್‌ರಾಯ್-ಆನ್ ಎಂಬ ಚಹಾಕುಟೀರವನ್ನು ತಾವೇ ವಿನ್ಯಾಸಗೊಳಿಸಿದರು. ಮುಂದೆ ಅದನ್ನು ಅದೇ ಸೀಮೆಯ ಯೊಶಿಕಾವಾ ಹಚಿಮಾನ್ ದೇವಾಲಯದ ಬಳಿಗೆ ಸ್ಥಳಾಂತರಿಸಲಾಯಿತು.

1917ರಲ್ಲಿ ಅವರು ಚಿತ್ರಕಲೆ ಕಲಿಯಲು ಟೋಕಿಯೊಗೆ ತೆರಳಿದರು. ಜಪಾನಿ ಸಾಂಪ್ರದಾಯಿಕ ಚಿತ್ರಕಲೆಯೊಂದಿಗೆ ತತ್ತ್ವಶಾಸ್ತ್ರವೂ ಅವರನ್ನು ಸೆಳೆಯಿತು. ಪಾಶ್ಚಾತ್ಯ ಚಿಂತನೆಯ ಪ್ರಭಾವ ಅವರ ಮೇಲೆ ಎಷ್ಟಿತ್ತೆಂಬುದಕ್ಕೆ ಹೆಸರುಗಳೇ ಸಾಕ್ಷಿ. 1925ರಲ್ಲಿ ಅವರು ಫ್ರೆಂಚ್ ಚಿತ್ರಕಾರ ಜಾನ್ ಫ್ರಾನ್ಸ್ವಾ ಮಿಲೆಯ ಹೆಸರನ್ನು ತಮ್ಮದಾಗಿಸಿಕೊಂಡರು. ಜಪಾನಿ ನುಡಿಯಲ್ಲಿ ಲಕಾರವಿಲ್ಲದ ಕಾರಣ ಮಿಲೆ ಅಲ್ಲಿ ಮಿರೇ ಆಯಿತು. ಮಕ್ಕಳಿಗೂ ಕಾಂಟ್, ಕೋಹೆನ್, ಹ್ಯೂಗೊ, ಗೋಯಥೆ, ಬೈರನ್ ಇವರ ಹೆಸರುಗಳನ್ನೇ ಜಪಾನಿ ಲಿಪಿಗೆ ಒಗ್ಗಿಸಿ ಇಟ್ಟರು. ಪಶ್ಚಿಮದ ಮೇಲಿನ ಈ ಒಲವು ಅವರನ್ನು ಸ್ವದೇಶದ ಪರಂಪರೆಯಿಂದ ವಿಮುಖರನ್ನಾಗಿಸಲಿಲ್ಲ. ಪರಂಪರೆಯನ್ನು ಹೊಸ ಕಣ್ಣಿನಿಂದ ನೋಡುವ ಧೈರ್ಯವನ್ನು ನೀಡಿತು.

ಎದ್ದು ನಿಲ್ಲದ ವಿದ್ಯಾಪೀಠ

ಕಲೆಗಳನ್ನು ಬೇರೆಬೇರೆಯಾಗಿ ಕಲಿಸುವ ಕ್ರಮದ ಬಗ್ಗೆ ಶಿಗೆಮೊರಿ ಅವರಿಗೆ ಅಸಮಾಧಾನವಿತ್ತು. ಸಂಸ್ಕೃತಿಯ ವಿವಿಧ ಶಾಖೆಗಳನ್ನು ಒಂದೆಡೆ ಬೋಧಿಸುವ ವಿದ್ಯಾಪೀಠವೊಂದನ್ನು ಟೋಕಿಯೊದಲ್ಲಿ ಸ್ಥಾಪಿಸಲು ಅವರು 1922ರ ವೇಳೆಗೆ ಸಿದ್ಧತೆ ನಡೆಸಿದರು. ಆದರೆ 1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಕಾಂಟೊ ಮಹಾಭೂಕಂಪ ರಾಜಧಾನಿಯನ್ನೇ ನೆಲಸಮಗೊಳಿಸಿತು. ವಿದ್ಯಾಪೀಠದ ಯೋಜನೆಯೂ ಅಲ್ಲಿಗೆ ಮುಗಿಯಿತು. ಶಿಗೆಮೊರಿ ಸಂಸಾರಸಮೇತ ಹುಟ್ಟೂರಿಗೆ ಮರಳಿದರು. ಅವರು ತಮ್ಮ ಮೊದಲ ಉದ್ಯಾನವನ್ನು ನಿರ್ಮಿಸಿದ್ದು ಅಲ್ಲಿಯ ಸ್ವಂತ ಮನೆಯ ಅಂಗಳದಲ್ಲಿ.

1929ರಲ್ಲಿ ಅವರು ಕ್ಯೋಟೊ ನಗರದಲ್ಲಿ ನೆಲೆಸಿದರು. ಆ ಕಾಲದಲ್ಲಿ ಉದ್ಯಾನಕಲೆ ಕಲಿಯಲು ಮುಖ್ಯವಾಗಿ ಎರಡು ದಾರಿಗಳಿದ್ದವು. ಒಂದು, ವೃತ್ತಿನಿರತ ಉದ್ಯಾನಕಾರರ ಮನೆ ಸೇರಿ, ಕಸಗುಡಿಸುವುದರಿಂದ ಆರಂಭಿಸಿ ವರ್ಷಾನುಗಟ್ಟಲೆ ದುಡಿದು ಕಲಿಯುವುದು. ಇನ್ನೊಂದು, ಆಧುನಿಕ ವಿದ್ಯಾಸಂಸ್ಥೆಗಳ ತರಗತಿ. ಕೆಯ್‌ಜಿ ಉಎಹಾರಾ 1924ರಲ್ಲಿ ಟೋಕಿಯೊದಲ್ಲಿ ತೆರೆದ ಉದ್ಯಾನವಿನ್ಯಾಸ ಶಾಲೆ ಅಂಥದ್ದು. ಹಿಂದಿನ ಶತಮಾನಗಳಲ್ಲಂತೂ ಈ ವಿದ್ಯೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಗುಟ್ಟಾಗಿ ಸಾಗುತ್ತಿತ್ತು. 11ನೆಯ ಶತಮಾನದ ಸಕುತೆಯ್‌ಕಿ ಎಂಬ ಉದ್ಯಾನಶಾಸ್ತ್ರ ಗ್ರಂಥವೂ ಬಹುಕಾಲ ಕೆಲವರ ಕೈಯಲ್ಲಿ ಮಾತ್ರ ಉಳಿದಿತ್ತು. ಎಡೊ ಕಾಲದಲ್ಲಿ ಮಾದರಿ ಚಿತ್ರಗಳ ಪುಸ್ತಕಗಳು ಅಚ್ಚಾಗಿ ಪ್ರಸಾರಗೊಂಡಾಗ ಗುಟ್ಟು ಬಯಲಾಯಿತು. ಆದರೆ ಕಲೆ ಅನುಕರಣೆಗೆ ಇಳಿಯಿತೆಂಬುದು ಶಿಗೆಮೊರಿ ಅವರ ದೃಢ ಅಭಿಪ್ರಾಯವಾಗಿತ್ತು.

ಅವರು ಮೂರನೆಯ ದಾರಿ ಹುಡುಕಿದರು. 1932ರಲ್ಲಿ ಕ್ಯೋಟೊ ರಿನ್‌ಸೆನ್ ಕ್ಯೋಕಾಯ್ ಎಂಬ ಉದ್ಯಾನ ಅಧ್ಯಯನ ಸಂಘವನ್ನು ಸ್ಥಾಪಿಸಿದರು. ಉದ್ಯಾನಗಳಲ್ಲಿ ಆಸಕ್ತಿಯುಳ್ಳವರು ಕೂಡಿ ಹಳೆಯ ಉದ್ಯಾನಗಳಿಗೆ ಭೇಟಿ ನೀಡುವುದು, ಸ್ಥಳದಲ್ಲಿಯೇ ವಿವರಣೆ ಕೇಳುವುದು, ಚರ್ಚಿಸುವುದು ಅದರ ಕಾರ್ಯವಿಧಾನ. ಕಲಿಯಲು ವಂಶ, ವೃತ್ತಿಗಳ ಕಟ್ಟುಪಾಡು ಬೇಕಿರಲಿಲ್ಲ. ಭೂಕಂಪದಲ್ಲಿ ಕೈತಪ್ಪಿದ ವಿದ್ಯಾಪೀಠದ ಆಶಯ, ಕಟ್ಟಡವಿಲ್ಲದ ಈ ಸಂಘದಲ್ಲಿ ಬೇರೊಂದು ರೂಪದಲ್ಲಿ ಕೈಗೂಡಿತೆನ್ನಬಹುದು.

ಮೂರು ವರ್ಷಗಳ ಸಮೀಕ್ಷೆ

ಮುರೊಟೊ ಚಂಡಮಾರುತದ ಹಾನಿಯನ್ನು ಕಂಡ ಬಳಿಕ, 1936ರಲ್ಲಿ ಶಿಗೆಮೊರಿ ರಾಷ್ಟ್ರವ್ಯಾಪಿ ಸಮೀಕ್ಷೆಗೆ ಇಳಿದರು. ಸಹಾಯಕರೊಂದಿಗೆ ಊರೂರು ಸುತ್ತಿ, ವಿಹಾರಗಳ, ದೇವಾಲಯಗಳ, ಹಳೆಯ ಮನೆತನಗಳ ಉದ್ಯಾನಗಳನ್ನು ಅಳೆದರು. ಕೊಳದ ಅಂಚಿನ ತಿರುವು, ಪ್ರತಿಯೊಂದು ಕಲ್ಲಿನ ಸ್ಥಾನ, ಕಲ್ಲುಗಳ ನಡುವಣ ಅಂತರ ಇವೆಲ್ಲವನ್ನೂ ನಕ್ಷೆಗೆ ಇಳಿಸಿದರು, ಛಾಯಾಚಿತ್ರ ತೆಗೆದರು, ಲಭ್ಯವಿದ್ದ ಹಳೆಯ ದಾಖಲೆಗಳನ್ನು ಪರಿಶೀಲಿಸಿದರು. ಹೀಗೆ ಸುಮಾರು 250 ಉದ್ಯಾನಗಳ ವಿವರ ಸಂಗ್ರಹವಾಯಿತು. 1939ರ ವೇಳೆಗೆ ಅದು 26 ಸಂಪುಟಗಳ ಉದ್ಯಾನ ಇತಿಹಾಸವಾಗಿ ಪ್ರಕಟಗೊಂಡಿತು.

ಈ ಕಾರ್ಯದ ಬೆಲೆ ಕೇವಲ ದಾಖಲಾತಿಯದಲ್ಲ. ಉದ್ಯಾನವನ್ನು ಅಳೆಯುವವನು ಪ್ರತಿಯೊಂದು ಕಲ್ಲಿನ ಮುಂದೆಯೂ ನಿಲ್ಲಬೇಕಾಗುತ್ತದೆ. ಕಲ್ಲಿನ ಎಷ್ಟು ಭಾಗ ನೆಲದೊಳಗಿದೆ, ಅದು ಯಾವ ಕಡೆಗೆ ಬಾಗಿದೆ, ಪಕ್ಕದ ಕಲ್ಲಿಗೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳದೆ ನಕ್ಷೆ ಪೂರ್ಣವಾಗದು. ಸುಮ್ಮನೆ ನೋಡಿಬರುವವನಿಗೆ ದಕ್ಕದ ವಿದ್ಯೆ ಅಳತೆಪಟ್ಟಿ ಹಿಡಿದವನಿಗೆ ದಕ್ಕಿತು. ಒಬ್ಬ ಗುರುವಿನ ಬಳಿ ಕಲಿತವರಿಗೆ ಒಂದು ಶೈಲಿ ಒಲಿಯುತ್ತದೆ. ಶಿಗೆಮೊರಿ ಅವರಿಗಾದರೋ ಹಲವು ಶತಮಾನಗಳ ಅಜ್ಞಾತ ಕಲಾವಿದರೆಲ್ಲರೂ ಗುರುಗಳಾದರು.

ಸಂಬಳವಿಲ್ಲದ ಕೆಲಸ, ಒಂದು ಕರಾರು

ಸಮೀಕ್ಷೆ ಮುಗಿಯುತ್ತಿದ್ದ ದಿನಗಳಲ್ಲೇ ಕ್ಯೋಟೊ ನಗರದ ತೋಫುಕುಜಿ ವಿಹಾರದಿಂದ ಅವರಿಗೆ ಕರೆ ಬಂತು. 13ನೆಯ ಶತಮಾನದಲ್ಲಿ ಸ್ಥಾಪನೆಗೊಂಡ ಈ ಝೆನ್ ವಿಹಾರದ ಪ್ರಧಾನ ಗುರುಗಳ ನಿವಾಸ 1881ರ ಅಗ್ನಿ ಅವಘಡದಲ್ಲಿ ನಾಶವಾಗಿ, 1890ರಲ್ಲಿ ಪುನರ್ನಿರ್ಮಾಣಗೊಂಡಿತ್ತು. ಅದರ ನಾಲ್ಕೂ ಸುತ್ತ ಉದ್ಯಾನ ನಿರ್ಮಿಸಬೇಕಿತ್ತು. ಆದರೆ ವಿಹಾರದ ಬಳಿ ಹಣವಿರಲಿಲ್ಲ. ಶಿಗೆಮೊರಿ ಸಂಭಾವನೆಯಿಲ್ಲದೆ ಕೆಲಸ ಒಪ್ಪಿಕೊಂಡರು. ವಿನ್ಯಾಸದಲ್ಲಿ ಪೂರ್ಣ ಸ್ವಾತಂತ್ರ್ಯ ಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ವಿಹಾರವೂ ಒಂದು ಕರಾರು ಹಾಕಿತು. ಝೆನ್ ಪಂಥದಲ್ಲಿ ಅಪವ್ಯಯ ನಿಷಿದ್ಧ. ಆದ್ದರಿಂದ ಆವರಣದಲ್ಲಿ ಬಿದ್ದಿರುವ ಹಳೆಯ ಕಲ್ಲುಗಳನ್ನು ಎಸೆಯದೆ ಮರುಬಳಕೆ ಮಾಡಬೇಕು.

ಈ ಕರಾರೇ ವರವಾಯಿತು. ಪೂರ್ವದಿಕ್ಕಿನಲ್ಲಿ, ಶೌಚಗೃಹದ ದುರಸ್ತಿಯಿಂದ ಉಳಿದಿದ್ದ ದುಂಡನೆಯ ಅಡಿಪಾಯದ ಕಂಬಗಲ್ಲುಗಳು ಏಳು ನಕ್ಷತ್ರಗಳಾಗಿ ನಿಂತವು. ನಾವು ಸಪ್ತರ್ಷಿ ಮಂಡಲವೆಂದು ಕರೆಯುವ ನಕ್ಷತ್ರಪುಂಜವೇ ಅದು. ಉತ್ತರದಲ್ಲಿ, ಹಳೆಯ ಹಾದಿಯ ಚಪ್ಪಡಿಕಲ್ಲುಗಳನ್ನು ಪಾಚಿಯ ನಡುವೆ ಚದುರಂಗದ ಮನೆಗಳಂತೆ ಜೋಡಿಸಲಾಯಿತು. ಒಂದು ಬದಿಯಲ್ಲಿ ಒತ್ತಾಗಿರುವ ಚೌಕಗಳು ಇನ್ನೊಂದು ಬದಿಗೆ ಸಾಗಿದಂತೆ ವಿರಳವಾಗಿ ಹಸಿರಿನಲ್ಲಿ ಕರಗುತ್ತವೆ. ಪಶ್ಚಿಮದಲ್ಲಿ ಚೌಕಾಕಾರವಾಗಿ ಕತ್ತರಿಸಿದ ಅಜೇಲಿಯಾ ಪೊದೆಗಳು. ದಕ್ಷಿಣದಲ್ಲಿ ಬಿಳಿ ಮರಳಿನ ನಡುವೆ ಪುರಾಣದ ದ್ವೀಪಗಳನ್ನು ಸೂಚಿಸುವ ಬಂಡೆಗಳ ನಾಲ್ಕು ಗುಂಪುಗಳು, ಮೂಲೆಯಲ್ಲಿ ಪಾಚಿ ಹೊದ್ದ ಐದು ದಿಬ್ಬಗಳು. 1939ರಲ್ಲಿ ಪೂರ್ಣಗೊಂಡ ಈ ರಚನೆ, ಬುದ್ಧನ ಜೀವನದ ಎಂಟು ಘಟ್ಟಗಳನ್ನು ನೆನಪಿಸುವ ಹಸ್ಸೊ ಉದ್ಯಾನವೆಂದು ಹೆಸರಾಯಿತು.

ಚೌಕಗಳ ವಿನ್ಯಾಸ ಯೂರೋಪಿನ ಆಧುನಿಕ ಚಿತ್ರಕಲೆಯನ್ನು ನೆನಪಿಗೆ ತರುತ್ತದೆ. ಆದರೆ ಅದರ ಬೇರು ಜಪಾನಿನಲ್ಲೇ ಇದೆ. 17ನೆಯ ಶತಮಾನದ ಕತ್ಸುರಾ ಅರಮನೆಯ ಚಹಾಕುಟೀರದಲ್ಲಿ ನೀಲಿ-ಬಿಳಿ ಚೌಕಗಳ ಕಾಗದದ ಬಾಗಿಲುಗಳಿವೆ. ಪರಂಪರೆಯ ಅತ್ಯುತ್ತಮ ಕೃತಿಗಳು ತಮ್ಮ ಕಾಲದಲ್ಲಿ ಹೊಸವೇ ಆಗಿದ್ದವು, ಎಂದೆಂದಿಗೂ ಹೊಸದಾಗಿ ಉಳಿಯುವ ಗುಣವೇ ಕಲೆಯ ಒರೆಗಲ್ಲು ಎಂಬುದು ಶಿಗೆಮೊರಿ ಅವರ ನಂಬಿಕೆಯಾಗಿತ್ತು. ಹಳೆಯದನ್ನು ಆಮೂಲಾಗ್ರವಾಗಿ ಅರಿತವನಿಗೆ ಮಾತ್ರ ಹೊಸದನ್ನು ಮಾಡುವ ಹಕ್ಕುಂಟೆಂಬ ಮಾತನ್ನು ಅವರ ಬದುಕು ಹೇಳುತ್ತದೆ.

ಕೋಟೆಯಿಂದ ಶಿಲುಬೆಯವರೆಗೆ

ಯುದ್ಧಾನಂತರದ ದಶಕಗಳಲ್ಲಿ ಶಿಗೆಮೊರಿ ನಿರಂತರವಾಗಿ ದುಡಿದರು. ಒಸಾಕಾ ಪ್ರಾಂತ್ಯದ ಕಿಶಿವಾಡಾ ಕೋಟೆಯಲ್ಲಿ 1953ರಲ್ಲಿ ರಚಿಸಿದ ಉದ್ಯಾನಕ್ಕೆ ಪುರಾತನ ಚೀನಾದ ಸೇನಾಪತಿ ಝೂಗೆ ಲಿಯಾಂಗ್‌ನ ಎಂಟು ವ್ಯೂಹಗಳು ಆಧಾರ. ಕೋನಕೋನವಾಗಿ ಸಾಗುವ ಕಲ್ಲಿನ ಗೆರೆಗಳ ಈ ರಚನೆಯನ್ನು ಮೇಲಿನಿಂದ ನೋಡಿದಾಗ ಅದರ ಪೂರ್ಣಾಕೃತಿ ಗೋಚರಿಸುತ್ತದೆ. ದೈತೊಕುಜಿ ವಿಹಾರಸಮುಚ್ಚಯದ ಝುಯ್‌ಹೊ-ಇನ್‌ನಲ್ಲಿ 1961ರಲ್ಲಿ ಅವರು ಮತ್ತೊಂದು ಸಾಹಸ ಮಾಡಿದರು. ಅದನ್ನು ಸ್ಥಾಪಿಸಿದ ಸಾಮಂತ ಒತೊಮೊ ಸೊರಿನ್ ಮುಂದೆ ಕ್ರೈಸ್ತಮತ ಸ್ವೀಕರಿಸಿದ್ದನು. ಆತನ ಸ್ಮರಣೆಗಾಗಿ ಬೌದ್ಧ ವಿಹಾರದ ಹಿತ್ತಲಲ್ಲಿ ಏಳು ಕಲ್ಲುಗಳು ಶಿಲುಬೆಯ ಆಕಾರ ಸೂಚಿಸುವಂತೆ ನಿಂತವು. 1964ರಲ್ಲಿ ತೋಫುಕುಜಿಯ ರ್‍ಯೋಗಿನ್-ಆನ್‌ನಲ್ಲಿ ಕಪ್ಪು-ಬಿಳಿ ಮರಳಿನ ನಡುವಿಂದ ಮೇಲೇಳುವ ಡ್ರ್ಯಾಗನ್ ರೂಪುಗೊಂಡಿತು. ಅವರು ನಿರ್ಮಿಸಿದ ಉದ್ಯಾನಗಳ ಸಂಖ್ಯೆ ಸುಮಾರು 200.

ಕಲಿಸುವ ಕಾಯಕವನ್ನೂ ಅವರು ಬಿಡಲಿಲ್ಲ. 1949ರಲ್ಲಿ ಪುಷ್ಪಕಲೆಯ ಅಧ್ಯಯನ ಕೂಟವೊಂದನ್ನು ಆರಂಭಿಸಿದರು. ಮುಂದೆ ಸ್ವತಂತ್ರ ಕಲಾವಿದರಾಗಿ ಪ್ರಸಿದ್ಧರಾದ ಯುಕಿಯೊ ನಕಾಗಾವಾ ಆ ಕೂಟದಲ್ಲಿ ಬೆಳೆದವರು. ಪ್ಯಾರಿಸ್ಸಿನ ಯುನೆಸ್ಕೊ ಕೇಂದ್ರ ಕಚೇರಿಗೆ ಉದ್ಯಾನ ನಿರ್ಮಿಸುವ ಹೊಣೆ ಹೊತ್ತ ಶಿಲ್ಪಿ ಇಸಾಮು ನೊಗುಚಿ ಜಪಾನಿಗೆ ಬಂದಾಗ, 1957ರಲ್ಲಿ ಶಿಗೆಮೊರಿ ಅವರನ್ನು ಶಿಕೊಕು ದ್ವೀಪಕ್ಕೆ ಕರೆದೊಯ್ದು ಕಲ್ಲುಗಳ ಆಯ್ಕೆಗೆ ನೆರವಾದರು. ಕಲ್ಲನ್ನು ಕೊರೆದು ರೂಪ ಕೊಡುವ ಶಿಲ್ಪಿಗೆ, ಕಲ್ಲಿಗೆ ಉಳಿ ಮುಟ್ಟಿಸದೆ ಅದರ ಸಹಜ ರೂಪವನ್ನೇ ಗುರುತಿಸಿ ನಿಲ್ಲಿಸುವ ಕಲೆಯ ಪರಿಚಯ ಅಲ್ಲಿ ಇನ್ನಷ್ಟು ಆಳವಾಯಿತು.

ಕೊನೆಯ ಪಾಠ

ವಯಸ್ಸು 75 ಸಮೀಪಿಸಿದಾಗ, ಬಹುಮಂದಿ ವಿಶ್ರಾಂತಿ ಬಯಸುವ ಕಾಲದಲ್ಲಿ, ಅವರು ಉದ್ಯಾನಗಳ ಇತಿಹಾಸವನ್ನು ಹೊಸದಾಗಿ ಬರೆಯಲು ಕುಳಿತರು. ಹಿರಿಯ ಮಗ ಕಾಂಟೊ ಜೊತೆಗೂಡಿ 1971ರಿಂದ ಹೊರತಂದ ಈ ಮಾಲೆ 35 ಸಂಪುಟಗಳಷ್ಟಾಯಿತು. ಮೂರು ದಶಕಗಳ ಹಿಂದಿನ ತಮ್ಮ ಸಮೀಕ್ಷೆಯನ್ನೇ ಅಂತಿಮವೆಂದು ಅವರು ಭಾವಿಸಲಿಲ್ಲ. ಮರಳಿ ಅಳೆಯಲು, ಮರಳಿ ಕಲಿಯಲು ಹಿಂಜರಿಯಲಿಲ್ಲ.

ಕ್ಯೋಟೊ ನಗರದ ಮತ್ಸುನೊ ದೇವಾಲಯದ ಉದ್ಯಾನಗಳು ಅವರ ಅಂತಿಮ ಕೃತಿ. ಅದರ ಒಂದು ಭಾಗದಲ್ಲಿ, ಉದ್ಯಾನಕಲೆ ಹುಟ್ಟುವುದಕ್ಕೂ ಮೊದಲು ಜನರು ಬೆಟ್ಟದ ಬಂಡೆಗಳಲ್ಲಿ ದೈವವನ್ನು ಕಂಡು ಪೂಜಿಸುತ್ತಿದ್ದ ಕಾಲವನ್ನು ನೆನಪಿಸುವಂತೆ ಒರಟು ಕಲ್ಲುಗಳು ಇಳಿಜಾರಿನಲ್ಲಿ ನಿಂತಿವೆ. ಆಧುನಿಕತೆಯ ಪ್ರತಿಪಾದಕರು ಕೊನೆಗೆ ತಲುಪಿದ್ದು ಕಲೆಯ ಆದಿಮೂಲಕ್ಕೆ. ಕೆಲಸ ಪೂರ್ಣಗೊಳ್ಳುವ ಮುನ್ನವೇ, 1975ರ ಮಾರ್ಚ್ 12ರಂದು, 78ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಉಳಿದ ಭಾಗವನ್ನು ತಂದೆಯ ಯೋಜನೆಯಂತೆಯೇ ಕಾಂಟೊ ಪೂರೈಸಿದರು.

ಯೊಶಿದಾ ದೇವಾಲಯದ ಸಮೀಪದ ಅವರ ಮನೆಯ ಒಂದು ಭಾಗ ಮುಂದೆ ಉದ್ಯಾನ ವಸ್ತುಸಂಗ್ರಹಾಲಯವಾಯಿತು. ತೋಫುಕುಜಿ ಮತ್ತು ಕಿಶಿವಾಡಾ ಉದ್ಯಾನಗಳಿಗೆ 2014ರಲ್ಲಿ ಜಪಾನ್ ಸರ್ಕಾರ ರಾಷ್ಟ್ರೀಯ ರಮ್ಯಸ್ಥಳಗಳ ಮನ್ನಣೆ ನೀಡಿತು. ಹಳೆಯ ಉದ್ಯಾನಗಳನ್ನು ರಕ್ಷಿಸಲೆಂದು ಅಳತೆಗೆ ಹೊರಟವರ ಸ್ವಂತ ರಚನೆಗಳೇ ರಕ್ಷಣೆಗೆ ಅರ್ಹವಾದ ಪರಂಪರೆಯಾದವು. ಇಂದು ಜಪಾನಿ ಉದ್ಯಾನಕಲೆ ಕಲಿಯಲು ಕ್ಯೋಟೊಗೆ ಬರುವ ದೇಶವಿದೇಶಗಳ ವಿದ್ಯಾರ್ಥಿಗಳು ತೋಫುಕುಜಿಯ ಜಗಲಿಯಲ್ಲಿ ಕುಳಿತು ಆ ಚೌಕಗಳನ್ನೂ ಏಳು ಕಂಬಗಲ್ಲುಗಳನ್ನೂ ತಮ್ಮ ಪುಸ್ತಕಗಳಲ್ಲಿ ಬಿಡಿಸಿಕೊಳ್ಳಬಹುದು. ಶಿಗೆಮೊರಿ ತಾವು ಕಲಿತದ್ದೂ ಅದೇ ರೀತಿಯಲ್ಲಿ.